ಮಕ್ಕಳು ಅಳದ ಕೋಣೆ

ಅವರು ಮಕ್ಕಳ ಡಾಕ್ಟರು; ಈ ವರ್ಷ ಆಸ್ಪತ್ರೆ ಮುಚ್ಚಿದರು. ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆಯೊಂದರ ಮುಂದೆ ತೂಗುತ್ತಿದ್ದ ಜಿರಾಫೆ ಚಿತ್ರದ ಬೋರ್ಡನ್ನು ಇಳಿಸಿದ ದಿನ ಅದರ ಫೋಟೋ ಊರಿನ ಅರ್ಧ ಜನರ ಮೊಬೈಲಿನಲ್ಲಿ ಹರಿದಾಡಿತು. ‘ಮಕ್ಕಳ ಪಾಲಿನ ದೇವರು’ ಎಂದು ಕೆಲವರು ಬರೆದರು. ‘ಮೊದಲು ನಾನು ಇವರ ಪೇಷಂಟು, ಈಗ ನನ್ನ ಮಗ’ ಎಂದು ಇನ್ನು ಕೆಲವರು. ಎಂಬಿಬಿಎಸ್ ಮುಗಿಸಿ ನಾನು ಅವರ ಕೈಕೆಳಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಿರಿಯ ವೈದ್ಯೆಯಾಗಿ ಕೆಲಸ ಮಾಡಿದ್ದು ಗೊತ್ತಿದ್ದ ಗೆಳತಿಯೊಬ್ಬಳು, ನೀನೂ ಏನಾದರೂ ಬರಿ ಎಂದಳು. ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ನನಗೆ ಅವರ ಬಗ್ಗೆ ಗೌರವವಿಲ್ಲ; ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವರ ಖ್ಯಾತಿಯೆಲ್ಲ ನಿಂತಿದ್ದದ್ದು ಒಂದು ಮಾತಿನ ಮೇಲೆ: ಅವರ ಕೋಣೆಯಲ್ಲಿ ಮಕ್ಕಳು ಅಳುವುದಿಲ್ಲ. ಆಟೋ ನಗರದ ಗ್ಯಾರೇಜಿನವನಿಂದ ಹಿಡಿದು ಕ್ಯಾಂಪಿನ ಮೇಜರ್ ಹೆಂಡತಿಯವರೆಗೆ ಎಲ್ಲರೂ ಇದನ್ನೇ ಹೇಳುತ್ತಿದ್ದರು. “ಅವರ ಕೈಯಾಗ ಕೊಟ್ರ ಸಾಕ್ರಿ, ಕೂಸು ಗಪ್ಪ ಆಗತೈತಿ. ಕೈಗುಣ ಅಂದ್ರ ಅದು.” ಸುಳ್ಳಲ್ಲ. ಸ್ಟೆತಸ್ಕೋಪಿನ ಕೊರಳಿಗೆ ಅವರು ಒಂದು ಬಟ್ಟೆಯ ಕೋತಿಯನ್ನು ಕಟ್ಟಿಕೊಂಡಿದ್ದರು. ಮರಾಠಿ ಮನೆಯ ಮಗುವಿಗೆ ಮರಾಠಿಯಲ್ಲಿ, ದಖ್ಖನಿ ಆಡುವ ಮನೆಯ ಮಗುವಿಗೆ ದಖ್ಖನಿಯಲ್ಲಿ, ನಮ್ಮಂಥವರ ಮನೆಯದಕ್ಕೆ ಕನ್ನಡದಲ್ಲಿ ಹಾಡು ಹೇಳುತ್ತಿದ್ದರು. ದನಿ ಚೆನ್ನಾಗಿತ್ತು. ಆ ದನಿಗೆ ನಾನೂ ಒಮ್ಮೆ ಸೋತಿದ್ದೆ.

ಹತ್ತಿರದಿಂದ ನೋಡಿದ ಮೇಲೆ ಆ ಕೈಗುಣ ಯಾವುದೆಂದು ತಿಳಿಯಿತು. ಮಗುವನ್ನು ಅಳಿಸುವ ಯಾವ ಕೆಲಸವನ್ನೂ ಅವರು ಆ ಕೋಣೆಯಲ್ಲಿ ಮಾಡುತ್ತಲೇ ಇರಲಿಲ್ಲ. ಗಂಟಲು ನೋಡಲು ನಾಲಿಗೆ ಅದುಮಿದರೆ ಮಗು ಅಳುತ್ತದೆ, ಅದುಮುತ್ತಿರಲಿಲ್ಲ. ಕಿವಿಗೆ ಬೆಳಕು ಬಿಟ್ಟರೆ ಅಳುತ್ತದೆ, ಬಿಡುತ್ತಿರಲಿಲ್ಲ. ಬಟ್ಟೆ ಬಿಚ್ಚಿದರಂತೂ ಎಲ್ಲ ಕೂಸುಗಳೂ ಅಳುತ್ತವೆ. ಆದ್ದರಿಂದ ಅಲ್ಲಿ ಮಕ್ಕಳು ಸ್ವೆಟರು ಕುಲಾಯಿ ಸಮೇತ ಬಂದು, ಸ್ವೆಟರು ಕುಲಾಯಿ ಸಮೇತ ಪರೀಕ್ಷೆ ಮುಗಿಸಿಕೊಂಡು ಹೋಗುತ್ತಿದ್ದವು. ತೂಕ, ಸೂಜಿ, ರಕ್ತ ತೆಗೆಯುವುದು ಎಲ್ಲವೂ ಪಕ್ಕದ ಕೋಣೆಯಲ್ಲಿ. ಆ ಕೋಣೆ ನನ್ನದು.

ಸೂಜಿ ಚುಚ್ಚಿಸಿಕೊಂಡು ಕಿರುಚುತ್ತಿದ್ದ ಮಗುವನ್ನು ಮತ್ತೆ ಅವರ ಮಡಿಲಿಗೆ ಒಯ್ಯುವುದು ಪದ್ಧತಿ. “ಯಾರು ಚುಚ್ಚಿದ್ರು ನಮ್ಮ ರಾಜಾಗ? ಆ ಅಕ್ಕನ? ಕೆಟ್ಟಾಕಿ ಆಕಿ. ಬಾ, ಆಕಿಗೆ ಹೊಡಿಯೂಣು.” ನನ್ನನ್ನು ಕರೆಯುತ್ತಿದ್ದರು. ನಾನು ಕೈ ಚಾಚಬೇಕು. ಮಗುವಿನ ಅಂಗೈ ಹಿಡಿದು ಅವರು ನನ್ನ ಕೈಗೆ ಎರಡೇಟು ಹೊಡೆಸುತ್ತಿದ್ದರು. ತಂದೆತಾಯಿ ನಗುತ್ತಿದ್ದರು. ಮಗುವಿಗೆ ಚಾಕಲೇಟು. ಕೆಲವು ಮಕ್ಕಳು ಮುಂದಿನ ಸಲ ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ತಾವಾಗಿಯೇ ಬಂದು ಹೊಡೆದು ಹೋಗುತ್ತಿದ್ದವು.

ಒಮ್ಮೆ ಕೇಳಿಕೊಂಡೆ: “ಸರ್, ಈ ಹೊಡಿಸೂದು ಬ್ಯಾಡ್ರಿ.”

“ನಿನಗೇನು ಪೆಟ್ಟು ಹತ್ತತೈತೇನು? ಪ್ರಾಕ್ಟೀಸ್ ಅಂದ್ರ ಹಿಂಗ ನೋಡವಾ. ಇಬ್ಬರೊಳಗ ಒಬ್ಬರು ಕೆಟ್ಟವರಾಗಬೇಕು.”

ಆ ಒಬ್ಬರು ಯಾರು ಎಂಬುದು ಮಾತಾಡುವ ವಿಷಯವಾಗಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ಅವರ ಒಂದು ಉಪನ್ಯಾಸ ಕೇಳಿ. ನಮ್ಮ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸುತ್ತಿರುವವರಿಗೆ ಒಂದೊಂದು ವಿಭಾಗದ ಹಿರಿಯರನ್ನು ಕರೆಸಿ, ಈ ಕ್ಷೇತ್ರ ಎಂಥದು, ಇದರಲ್ಲಿ ಮುಂದೇನು ಎಂದು ಹೇಳಿಸುವ ಪದ್ಧತಿಯಿದೆ. ಮಕ್ಕಳ ವಿಭಾಗಕ್ಕೆ ಪ್ರತಿ ವರ್ಷವೂ ಅವರೇ. ಸ್ಲೈಡು ಇಂಗ್ಲಿಷಿನಲ್ಲಿ, ಮಾತು ಕನ್ನಡದಲ್ಲಿ. ಆದ್ದರಿಂದ ಸಭಾಂಗಣ ಯಾವಾಗಲೂ ತುಂಬಿರುತ್ತಿತ್ತು. ಕೋತಿಯ ಕೈಯಿಂದ ಚಪ್ಪಾಳೆ ತಟ್ಟಿಸಿ ಶುರು ಮಾಡುತ್ತಿದ್ದರು. “ಕೂಸಂದ್ರ ಸಣ್ಣ ಸೈಜಿನ ದೊಡ್ಡ ಮನಶ್ಯಾ ಅಲ್ಲ” ಎನ್ನುತ್ತಿದ್ದರು. ಪಠ್ಯಪುಸ್ತಕದ ಮೊದಲ ಪುಟದಲ್ಲೇ ಇರುವ ಮಾತು. ಅವರ ಬಾಯಲ್ಲಿ ಹೊಸದೆನಿಸುತ್ತಿತ್ತು. ಆಮೇಲೆ ಮೂರು ವರ್ಷದ ಎಂಡಿ, ಅದರ ಮುಂದೆ ನವಜಾತ ಶಿಶು, ಮಕ್ಕಳ ಹೃದಯ, ಮೂತ್ರಪಿಂಡ, ನರ, ಬೆಳವಣಿಗೆ ಎಂದು ಇರುವ ದಾರಿಗಳನ್ನೆಲ್ಲ ಒಂದೇ ಸ್ಲೈಡಿನಲ್ಲಿ, ರೈಲು ನಿಲ್ಲದ ಸ್ಟೇಶನ್ನುಗಳ ಹೆಸರು ಓದಿದಂತೆ ಓದಿ ಮುಗಿಸುತ್ತಿದ್ದರು.

“ಅವೆಲ್ಲಾ ದೊಡ್ಡ ಊರಿನ ಆಟ. ಇಲ್ಲೆ ನಿಮ್ಮ ಪೇಷಂಟು ಕೂಸಲ್ಲ, ತಾಯಿ. ಖರೇ ಅಂದ್ರ ತಾಯಿನೂ ಅಲ್ಲ, ಆಯಿ. ಮುದುಕಿ ಒಪ್ಪಿದ್ಲು ಅಂದ್ರ ಮೂರು ತಲಿಮಾರು ನಿಮ್ಮವು!”

ಸಭೆ ನಗುತ್ತಿತ್ತು. ಆಮೇಲೆ ನಮ್ಮ ಸಾಲುಗಳ ಕಡೆ ತಿರುಗಿ, “ಹೆಣ್ಮಕ್ಕಳು ಈ ಬ್ರ್ಯಾಂಚಿಗೆ ಬರ್ರಿ. ನಿಮಗ ಇದನ್ನ ಕಲಿಸೂದು ಬ್ಯಾಡ. ಹುಟ್ಟಿದಾಗಿಂದ ಗೊತ್ತಿರತೈತಿ” ಎನ್ನುತ್ತಿದ್ದರು. ನಾನು ಮನೆಗೆ ಕಿರಿಯವಳು. ಇಂಟರ್ನ್‌ಶಿಪ್ಪಿನವರೆಗೆ ಒಂದು ಕೂಸನ್ನೂ ಎತ್ತಿಕೊಂಡಿರಲಿಲ್ಲ. ಹುಟ್ಟಿನಿಂದ ನನಗೆ ಗೊತ್ತಿದ್ದದ್ದು ಏನೂ ಇಲ್ಲ. ಎಲ್ಲವನ್ನೂ ಕಲಿತೆ, ಉಳಿದ ವೈದ್ಯರು ಉಳಿದ ವೈದ್ಯವನ್ನು ಕಲಿಯುವ ಹಾಗೆಯೇ.

ಈ ಕೆಲಸ ನಿಜವಾಗಿ ಏನು ಎಂಬುದು ಆ ಉಪನ್ಯಾಸದಲ್ಲಿ ಇರಲಿಲ್ಲ. ಅದನ್ನು ನನಗೆ ವಾರ್ಡು ಕಲಿಸಿತು. ಇಲ್ಲಿ ರೋಗಿ ಮಾತಾಡುವುದಿಲ್ಲ. ಔಷಧವನ್ನು ತೂಕಕ್ಕೆ ಲೆಕ್ಕ ಹಾಕಬೇಕು. ದಶಾಂಶದ ಚುಕ್ಕೆ ಒಂದು ಮನೆ ಆಚೆ ಸರಿದರೆ ಮದ್ದೇ ವಿಷ. ದೊಡ್ಡವರು ಮೆಟ್ಟಿಲು ಇಳಿದಂತೆ ಒಂದೊಂದಾಗಿ ಕೆಡುತ್ತಾರೆ. ಮಕ್ಕಳು ಮಾಳಿಗೆಯ ಅಂಚಿನವರೆಗೂ ಆಡುತ್ತ ಹೋಗಿ ಒಮ್ಮೆಲೇ ಬೀಳುತ್ತಾರೆ. ಮೊದಲ ವಾರವೇ ನಮಗೆ ಹೇಳಿಕೊಟ್ಟದ್ದು ಇದು: ಕೋಣೆ ತುಂಬ ಮಕ್ಕಳು ಕಿರುಚುತ್ತಿದ್ದರೆ, ಸುಮ್ಮನೆ ಮಲಗಿರುವ ಮಗುವಿನ ಕಡೆ ಮೊದಲು ಹೋಗಿ. ಕಿರುಚುವುದಕ್ಕೆ ಶಕ್ತಿ ಬೇಕು. ಇದು ಗುಟ್ಟಲ್ಲ. ಮಕ್ಕಳ ವೈದ್ಯರಾದ ಎಲ್ಲರಿಗೂ ಗೊತ್ತು. ಅವರಿಗೂ ಗೊತ್ತಿತ್ತು.

ವಾರಕ್ಕೊಮ್ಮೆ, ಸಂತೆಯ ದಿನ, ಅವರು ಖಾನಾಪುರದಲ್ಲಿ ಕೂರುತ್ತಿದ್ದರು. ಔಷಧಿ ಅಂಗಡಿಯೊಂದರ ಹಿಂದಿನ ಉದ್ದನೆಯ ಕೋಣೆ. ನಾನೂ ಅವರ ಗಾಡಿಯಲ್ಲಿ ಹೋಗುತ್ತಿದ್ದೆ. ಅಲ್ಲಿ ಎರಡು ಕೋಣೆಯ ಅನುಕೂಲವಿಲ್ಲ. ಮೂಲೆಯಲ್ಲಿ ಒಂದು ಪರದೆ, ಪರದೆಯ ಹಿಂದೆ ನಾನು ಮತ್ತು ತೂಕದ ಯಂತ್ರ. ಗೋಡೆಗೆ ಹಾಕಿದ್ದ ಬೆಂಚುಗಳ ಮೇಲೆ ಸರದಿಗೆ ಕಾಯುವ ತಾಯಂದಿರು, ಅಜ್ಜಿಯಂದಿರು. ಬೆಳಗಾವಿಯಲ್ಲಿ ಒಂದು ಮನೆಯವರ ಮುಂದೆ ನಡೆಯುತ್ತಿದ್ದ ಆಟ ಇಲ್ಲಿ ಇಡೀ ಕೋಣೆಯ ಮುಂದೆ ನಡೆಯುತ್ತಿತ್ತು. ಅವರು ಇನ್ನಷ್ಟು ಚೆನ್ನಾಗಿ ಹಾಡುತ್ತಿದ್ದರು.

ಅಂಥ ಒಂದು ಸಂತೆಯ ದಿನ ಬಂದವಳು ಖಾನಾಪುರದಾಚೆಯ ಹಳ್ಳಿಯ ಒಬ್ಬ ಹುಡುಗಿಯಂಥ ತಾಯಿ. ಮೊದಲ ಕೂಸು, ಎರಡು ತಿಂಗಳು ತುಂಬಿರಲಿಲ್ಲ. ಜೊತೆಗೆ ಅತ್ತೆ. ಮಾತೆಲ್ಲ ಅತ್ತೆಯದೇ.

“ನಿನ್ನಿ ದಿವಸೆಲ್ಲಾ ಒದರೇತ್ರಿ ಸಾಹೇಬ್ರ, ಮನಿ ಹಂಚು ಹಾರೂ ಹಂಗ. ಇವತ್ತ ನೋಡ್ರಿ, ಮುಂಜಾನಿಂದ ಶಾಣ್ಯಾ ಆಗೇತಿ. ಆದ್ರೂ ಬಂದೇವಿ, ಒಮ್ಮೆ ತೋರಿಸಿ ಹೋಗೂಣಂತ.”

“ಹಾಲ ಕುಡೀವಲ್ದ್ರಿ,” ಎಂದಳು ಸೊಸೆ.

“ಹೊಟ್ಟಿ ತುಂಬಿರತೈತಿ, ಅದಕ್ಕ,” ಎಂದಳು ಅತ್ತೆ.

ಅವರು ಸೊಸೆಯ ಕಡೆ ನೋಡಿ ನಕ್ಕರು. “ಏ ತಂಗಿ, ನೀ ತಾಯಿ ಆಗಿ ಇನ್ನಾ ಎರಡ ತಿಂಗಳಾಗಿಲ್ಲ. ಆಯಿ ಎಷ್ಟು ಕೂಸು ಎತ್ತಿ ಇಳಿಸ್ಯಾರೋ ಏನೋ. ಅವರ ಮಾತು ಕೇಳು.”

ಅತ್ತೆ ಸೆರಗು ಸರಿ ಮಾಡಿಕೊಂಡಳು. ಅವರು ಕೂಸನ್ನು ಕೌದಿ ಸಮೇತ ಮಡಿಲಿಗೆ ತೆಗೆದುಕೊಂಡು, ಕೋತಿಯನ್ನು ಅದರ ಮುಖದ ಮುಂದೆ ಕುಣಿಸಿ, ಮರಾಠಿಯಲ್ಲಿ ಎರಡು ಸಾಲು ಹಾಡಿದರು. ಕೂಸು ಮಿಸುಕಲಿಲ್ಲ.

“ನೋಡ್ರಿ, ನಿನ್ನಿ ಇಡೀ ಊರು ಎಬ್ಬಿಸಿದ ಸಾಹುಕಾರ ನನ್ನ ಕೈಯಾಗ ಹೆಂಗ ಮಲಗ್ಯಾನ!”

ಬೆಂಚುಗಳು ನಕ್ಕವು. ಹೊಟ್ಟೆಯ ಗ್ಯಾಸಿಗೆ ಹನಿ ಬರೆದುಕೊಟ್ಟು, ತೂಕ ಮಾಡಿಸಿಕೊಂಡು ಹೋಗಿ ಎಂದರು.

ಪರದೆಯ ಹಿಂದೆ ನಾನು ಕೌದಿ ಬಿಡಿಸಿ ಅಂಗಿ ತೆಗೆದೆ. ತೂಕದ ತಟ್ಟೆ ಉಕ್ಕಿನದು, ತಣ್ಣಗೆ ಕೊರೆಯುತ್ತದೆ. ಬರಿ ಮೈಯಲ್ಲಿ ಅದರ ಮೇಲೆ ಮಲಗಿಸಿದರೆ ಕಿರುಚದ ಕೂಸಿಲ್ಲ. ಇದು ಇಟ್ಟಲ್ಲಿ ಇಟ್ಟಂತೆ ಇತ್ತು. ಕೈಗಳು ನಾನು ಬಿಟ್ಟ ಕಡೆ ಬಿದ್ದಿದ್ದವು. ಅಂಗಾಲಿಗೆ ಬೆರಳಿನಿಂದ ಚಿಮ್ಮಿದೆ. ಇನ್ನೊಮ್ಮೆ ಜೋರಾಗಿ ಚಿಮ್ಮಿದೆ. ಗಂಟಲಿನಿಂದ ನಿದ್ದೆಯಲ್ಲಿ ನರಳಿದಂಥ ತೆಳು ದನಿ ಬಂತು, ಅಷ್ಟೇ. ತೊಡೆಯ ಚರ್ಮದ ಮೇಲೆ ನೀಲಿ ಜಾಲ ಮೂಡಿತ್ತು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಹೊಟ್ಟೆ ಒಳಗೆ ಸೆಳೆಯುತ್ತಿತ್ತು. ನೆತ್ತಿಯ ಮೆದು ಜಾಗದ ಮೇಲೆ ಬೆರಳಾಡಿಸಿದೆ. ಸಮತಟ್ಟಾಗಿ ಇರಬೇಕಾದದ್ದು ಬಿಗಿಯಾಗಿ ಉಬ್ಬಿತ್ತು. ಮಿದುಳಿನ ಪೊರೆಗೆ ಸೋಂಕು ತಗುಲಿದಾಗ ಹಾಗಾಗುತ್ತದೆ.

ತಾಯಿ ಕೂಸನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. “ನಾ ಹೇಳಿದ್ನೆಲ್ರಿ,” ಎಂದಳು, ಮೆಲ್ಲಗೆ.

ನಾನು ಪರದೆ ಸರಿಸಿ ಹೊರಗೆ ಬಂದೆ. “ಸರ್, ಈ ಕೂಸನ್ನ ಇನ್ನೊಮ್ಮೆ ನೋಡ್ರಿ. ನೆತ್ತಿ ಉಬ್ಬೇತಿ. ಈಗಿಂದೀಗ ಬೆಳಗಾವಿಗೆ ಒಯ್ಯಬೇಕು.”

ಅವರ ಮಡಿಲಲ್ಲಿ ಆಗಲೇ ಮುಂದಿನ ಮಗು ಇತ್ತು. ನನ್ನನ್ನು ನೋಡದೆ ಬೆಂಚುಗಳನ್ನು ನೋಡಿದರು. “ನೋಡ್ರಿಪಾ ಇದನ್ನ. ಅಳೂ ಕೂಸನ್ನ ನಾ ಸುಮ್ಮ ಮಾಡ್ತೀನಿ, ಸುಮ್ಮಿದ್ದ ಕೂಸನ್ನ ಈಕಿ ಅಳಸಾಕ ನಿಂತಾಳ!”

ಮತ್ತೆ ನಗು. ಆಮೇಲೆ ದನಿ ತಗ್ಗಿಸಿ ನನಗೊಬ್ಬಳಿಗೆ: “ಮಂದಿ ಮುಂದ ಹೆದರಸಬ್ಯಾಡ. ನಾಳಿ ಬೆಳಗಾವಿಗೆ ಬರ್ಲಿ, ನೋಡೂಣು.”

ಆ ಕೂಸಿಗೆ ನಾಳೆ ಇರಲಿಲ್ಲ. ಅತ್ತೆ ಆಗಲೇ ಚೀಲ ಕೈಗೆ ತೆಗೆದುಕೊಂಡಿದ್ದಳು. “ಸಾಹೇಬ್ರ ಏನೂ ಇಲ್ಲಂದ್ರಲ್ಲ. ನಡಿ, ಬಸ್ಸು ಹೋಗತೈತಿ.” ಆ ಬಸ್ಸು ಹತ್ತಿದರೆ ಅವರು ಕಾಡಿನಾಚೆಯ ಊರು ಸೇರುತ್ತಾರೆ, ಅಲ್ಲಿಂದ ಮತ್ತೆ ಬಸ್ಸು ಮರುದಿನವೇ. ವಾದ ಮಾಡಿದರೆ ನಾನು ಗೆಲ್ಲುವುದಿಲ್ಲ ಎಂದು ಗೊತ್ತಿತ್ತು. ಅವರ ಮಾತಿಗೆ ಇಡೀ ತಾಲೂಕಿನ ನಂಬಿಕೆಯಿತ್ತು. ನಾನು ಸೂಜಿಯ ಅಕ್ಕ.

“ಆಯಿ, ಒಂದ ಸೂಜಿ ಐತಿ. ಅದನ್ನ ಮಾಡಿಸ್ಕೊಂಡು ಹೋಗ್ರಿ,” ಎಂದೆ. ಸೋಂಕಿಗೆ ಕೊಡಲೇಬೇಕಾದ ಮೊದಲ ಮದ್ದು ಅದು, ಬೆಳಗಾವಿಯವರೆಗೆ ಕಾಯುವಂತಿರಲಿಲ್ಲ. ಔಷಧಿ ಅಂಗಡಿಯಿಂದ ತರಿಸಿ, ತೂಕಕ್ಕೆ ಲೆಕ್ಕ ಹಾಕಿ ಸಿರಿಂಜಿಗೆ ಎಳೆದುಕೊಂಡೆ. ಪರದೆಯನ್ನು ಮಾತ್ರ ಮತ್ತೆ ಎಳೆಯಲಿಲ್ಲ.

ಸೂಜಿ ಎಂದರೆ ಆ ಬೆಂಚುಗಳಿಗೆ ಗೊತ್ತು. ಹೆಂಗಸರು ಕಣ್ಣು ಸಣ್ಣದು ಮಾಡಿಕೊಂಡರು. ಒಬ್ಬಳು ತನ್ನ ಮಗುವಿನ ಕಿವಿ ಮುಚ್ಚಿದಳು. ನಾನು ತೊಡೆಗೆ ಚುಚ್ಚಿದೆ. ಮದ್ದು ನಿಧಾನವಾಗಿ ಒಳಗೆ ಹೋಯಿತು. ಸೂಜಿ ಹೊರಗೆ ತೆಗೆದೆ. ಎಲ್ಲರೂ ಕಾಯುತ್ತಿದ್ದ ಅಳು ಬರಲಿಲ್ಲ. ಕಾಲು ಒಂದಿಷ್ಟು ಅದುರಿತು, ನಿಂತಿತು.

ಕಿವಿ ಮುಚ್ಚಿದ್ದವಳು ಕೈ ತೆಗೆಯುವುದನ್ನು ಮರೆತಿದ್ದಳು.

“ಯಾಕ ಅಳವಲ್ದು?” ಎಂದಳು ಅತ್ತೆ. ಆ ಪ್ರಶ್ನೆಯನ್ನು ಅವಳು ಅವರಿಗೆ ಕೇಳಲಿಲ್ಲ, ನನಗೆ ಕೇಳಿದಳು.

ಉತ್ತರಕ್ಕೆ ಸೊಸೆ ಕಾಯಲಿಲ್ಲ. ಕೂಸನ್ನು ಕೌದಿಯಲ್ಲಿ ಸುತ್ತಿ ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು. “ಅತ್ತಿ, ನೀವು ಬಸ್ಸಿಗೆ ಹೋಗ್ರಿ. ನಾ ಬೆಳಗಾವಿಗೆ ಹೊಂಟೆ.”

ಆಗ ಅವರು ಎದ್ದು ನಿಂತರು. ನಾನು ಅವರ ಮುಖ ನೋಡಿದೆ. ಸೂಜಿಗೆ ಅಳದ ಕೂಸು ಎಂದರೆ ಏನೆಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಅವರೊಬ್ಬರೇ. ಗೊತ್ತಾದದ್ದು ಮುಖದಲ್ಲಿ ಕಂಡಿತು. ಕ್ಷಣಕಾಲ ಅಲ್ಲಿ ಒಬ್ಬ ವೈದ್ಯ ಇದ್ದ. ಕೈಯಲ್ಲಿದ್ದ ಮಗುವನ್ನು ಅದರ ತಾಯಿಗೆ ಕೊಡುವಷ್ಟರಲ್ಲಿ ಆತ ಹೊರಟುಹೋಗಿದ್ದ.

“ನನ್ನ ಗಾಡಿ ತಗೊಂಡು ಹೋಗ್ರಿ,” ಎಂದರು. ಆಮೇಲೆ ಬೆಂಚುಗಳಿಗೆ ಕೇಳುವಂತೆ, “ಅದಕ್ಕಽ ನಾ ಈಕಿ ಕಡೆ ಕಳಿಸಿದ್ದು.”

ಗಾಡಿ ಕೊಟ್ಟರು ಎಂಬುದನ್ನು ಬರೆಯಲೇಬೇಕು. ಅತ್ತೆ ಮುಂದೆ ಡ್ರೈವರನ ಪಕ್ಕದ ಸೀಟಿನಲ್ಲಿ ಕೂತಳು. ಕಿಟಕಿಗಳಿಗೆ ಬಾತುಕೋಳಿಯ ಚಿತ್ರದ ಪರದೆ ಅಂಟಿಸಿದ್ದರು. ದೇಸೂರು ದಾಟುವ ಹೊತ್ತಿಗೆ ಕೂಸಿನ ಉಸಿರು ನಡುನಡುವೆ ನಿಲ್ಲತೊಡಗಿತು. ನಾನು ಗಾಡಿಯ ಪೆಟ್ಟಿಗೆಯಲ್ಲಿದ್ದ ಪುಟ್ಟ ಮಾಸ್ಕನ್ನು ಮೂಗುಬಾಯಿಯ ಮೇಲೆ ಹಿಡಿದು ರಬ್ಬರಿನ ಚೀಲ ಒತ್ತುತ್ತ ಉಸಿರು ಕೊಡುತ್ತಿದ್ದೆ.

“ಐತೇನ್ರಿ?” ಎಂದಳು ತಾಯಿ.

“ಐತಿ.”

ಸ್ವಲ್ಪ ದೂರ ಹೋದ ಮೇಲೆ ಮತ್ತೆ, “ಐತೇನ್ರಿ?”

“ಐತಿ.”

ದಾರಿಯುದ್ದಕ್ಕೂ ನಾವು ಆಡಿದ ಮಾತು ಅಷ್ಟೇ.

ಕೂಸು ಉಳಿಯಿತು. ಅದು ಬೆಳಗಾವಿಯ ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನವರ ಕೆಲಸ. ಬಹಳ ದಿನ ಹಿಡಿಯಿತು. ಈ ರೋಗ ಕಿವಿ ಕೇಳುವ ಶಕ್ತಿಯನ್ನು ಕೊಂಡೊಯ್ಯುವುದುಂಟು. ಕೊಂಡೊಯ್ಯಲಿಲ್ಲ.

ಗುಣವಾದ ಮೇಲೆ ಆ ಮನೆಯವರೆಲ್ಲ ಕುಂದಾದ ಡಬ್ಬಿ ಹಿಡಿದು ಕ್ಯಾಂಪಿನ ಆಸ್ಪತ್ರೆಗೆ ಬಂದರು. “ಎತ್ತಿಕೊಂಡ ಕೂಡ್ಲೇ ನಂಗ ಗೊತ್ತಾತು ಆಯಿ,” ಎಂದರು ಅವರು. “ನೀವು ಎದಿ ಒಡಕೊಂತೀರಂತ ಬಾಯಿ ಬಿಡಲಿಲ್ಲ.” ಅತ್ತೆ ಅವರ ಕಾಲು ಮುಟ್ಟಿದಳು. ಸೊಸೆ ಗೋಡೆಯ ಮೇಲಿನ ಆನೆಯ ಚಿತ್ರ ನೋಡುತ್ತಿದ್ದಳು. ನನ್ನನ್ನೂ ಕರೆದು ಕುಂದಾ ತಗೋ ಎಂದರು. ನಾನು ಸಿಹಿ ತಿನ್ನುವುದಿಲ್ಲ ಎಂದೆ. ತಿನ್ನುತ್ತೇನೆ.

ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟೆ. ಹೊರಡುವಾಗ ಅವರು ಬುದ್ಧಿಮಾತು ಹೇಳಿದರು: “ಕೈ ಛಲೋ ಅದಾವ ನಿನ್ನವು. ಆದ್ರ ನಗೂದು ಕಲಿ.”

ಗೊತ್ತಿಲ್ಲದೆ ತಪ್ಪುವ ವೈದ್ಯರನ್ನು ನಾನು ಕಂಡಿದ್ದೇನೆ. ಅವರ ಮೇಲೆ ಸಿಟ್ಟು ಬರುತ್ತದೆ, ಹೋಗುತ್ತದೆ. ಇವರದು ಅದಲ್ಲ. ಇವರ ಕೈಗೆ ಎಲ್ಲವೂ ಗೊತ್ತಿತ್ತು; ಆ ಕೈಯನ್ನು ಇವರು ಕೌದಿಯ ಮೇಲೇ ಇಟ್ಟುಕೊಂಡರು, ಒಳಗೆ ಹಾಕಿದರೆ ಮಗು ಅಳುತ್ತದೆ, ಅತ್ತರೆ ಮಂದಿ ಏನಂದಾರು ಎಂದು.

ನಾನು ಎಂಡಿ ಮುಗಿಸಿ ಈಗ ಓದಿದ ಕಾಲೇಜಿನಲ್ಲೇ ಮಕ್ಕಳ ವಾರ್ಡಿನಲ್ಲಿದ್ದೇನೆ. ಆಸ್ಪತ್ರೆ ಮುಚ್ಚಿದರೂ ಅವರು ಉಪನ್ಯಾಸ ಬಿಟ್ಟಿಲ್ಲ. ಈ ಸಲವೂ ಬಂದರು. ವಿಭಾಗದಲ್ಲಿ ಕಿರಿಯಳೆಂದು ವಂದನಾರ್ಪಣೆ ನನ್ನ ಪಾಲಿಗೆ ಬಂತು. ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂತಿದ್ದೆ. ಅದೇ ಕೋತಿ, ಅದೇ ಸ್ಲೈಡು, ಅದೇ ಮುದುಕಿಯ ಮಾತು, ಅದೇ ನಗು. ಕೊನೆಗೆ ಒಂದು ಹೊಸ ಕಥೆ.

“ಖಾನಾಪುರದಾಗ ಒಂದು ಕೂಸು ಬಂತು. ಭಾಳ ಶಾಂತ. ಆಯಿ ಅಂದ್ಲು, ಶಾಣ್ಯಾ ಐತಿ. ನನ್ನ ಜೂನಿಯರ್ ಅಂದ್ಲು, ಸರ್, ಏನಿಲ್ಲ ಬಿಡ್ರಿ. ನಾ ಮಡಿಲಾಗ ತಗೊಂಡೆ. ಒಮ್ಮೆ ನೋಡಿದೆ. ಈ ಶಾಂತ ಛಲೋ ಶಾಂತ ಅಲ್ಲ ಅಂದೆ. ಅಂಗಿ ಸೈತ ಬಿಚ್ಚಲಿಲ್ಲ ನಾ. ಕಣ್ಣು ಬೇಕ್ರಿ, ಕಣ್ಣು! ಗಾಡಿ ಕೊಟ್ಟು ಕಳಿಸಿದೆ. ಇವತ್ತ ಆ ಕೂಸು ಸಾಲಿಗೆ ಹೊಂಟೈತಿ. ನೆನಪಿಡ್ರಿ, ಅಳೂ ಕೂಸಿಗೆ ಅಂಜಬ್ಯಾಡ್ರಿ. ಸುಮ್ಮಿದ್ದ ಕೂಸಿಗೆ ಅಂಜ್ರಿ.”

ಮುಂದಿನ ಸಾಲುಗಳಲ್ಲಿ ಬರೆದುಕೊಳ್ಳುತ್ತಿದ್ದರು. ಅವರು ಅದನ್ನು ಹೇಳಿದ ರೀತಿ ಚೆನ್ನಾಗಿತ್ತು. ನಾನು ಅಷ್ಟು ಚೆನ್ನಾಗಿ ಹೇಳಲಾರೆ. ಜೂನಿಯರ್ ಬಗ್ಗೆ ಹೇಳಿದ್ದಕ್ಕೆ ನನಗೆ ಬೇಸರವಾಗಲಿಲ್ಲ ಎಂದರೆ ನಿಜವಲ್ಲ, ಆದರೆ ಅದು ನನ್ನೊಬ್ಬಳ ವಿಷಯ. ಅಂಗಿ ಬಿಚ್ಚದೆಯೇ ಗೊತ್ತಾಯಿತು ಎಂದದ್ದು ಹಾಗಲ್ಲ. ಆ ಮಾತನ್ನೂ ಹುಡುಗಿಯರು ಬರೆದುಕೊಂಡಿದ್ದರು. ಅವರಲ್ಲಿ ಒಬ್ಬಳು ನಾಳೆ ಯಾವುದೋ ತಾಲೂಕಿನಲ್ಲಿ ಕೂತು, ಕೌದಿಯನ್ನು ನೋಡಿ, ನನಗೆ ಕಣ್ಣಿದೆ ಎಂದುಕೊಂಡು ಒಂದು ಕೂಸನ್ನು ಬಸ್ಸಿಗೆ ಕಳಿಸುತ್ತಾಳೆ.

ಎದ್ದು ನಿಂತು ಪ್ರಾಂಶುಪಾಲರಿಗೆ, ಅತಿಥಿಗಳಿಗೆ, ಮೈಕಿನವರಿಗೆ ವಂದಿಸಿದೆ. ಆಮೇಲೆ ಹೇಳಿದೆ: “ಸರ್ ಹೇಳಿದ ಕೂಸಿನ ತೂಕ ಮಾಡಿದವಳು ನಾನು. ಒಂದು ಮಾತು ಸೇರಿಸುತ್ತೇನೆ. ಮಡಿಲಲ್ಲಿದ್ದಾಗ ಏನೂ ಗೊತ್ತಾಗಲಿಲ್ಲ. ಅಂಗಿ ಬಿಚ್ಚಿ ತಣ್ಣನೆಯ ತಟ್ಟೆಯ ಮೇಲೆ ಮಲಗಿಸಿದ ಮೇಲೆ ಗೊತ್ತಾಯಿತು. ತಾಯಿ ಮಾತ್ರ ಮೊದಲೇ ಹೇಳಿದ್ದಳು. ನೀವು ಎಷ್ಟೇ ದೊಡ್ಡವರಾಗಿ, ಅಂಗಿ ಬಿಚ್ಚದೆ ಒಂದು ಕೂಸನ್ನೂ ಮನೆಗೆ ಕಳಿಸಬೇಡಿ. ಅತ್ತರೆ ಅಳಲಿ.”

ಮೊದಲ ಚಪ್ಪಾಳೆ ವೇದಿಕೆಯಿಂದಲೇ ಬಂತು. ತಟ್ಟಿದವರು ಅವರೇ.

ಆಮೇಲೆ ಚಹಾದ ಹೊತ್ತಿಗೆ ಕಪ್ಪು ಹಿಡಿದು ನನ್ನ ಬಳಿಗೆ ಬಂದರು. ಮುಖದಲ್ಲಿ ನಾನು ಹುಡುಕಿದ ನಾಚಿಕೆ ಇರಲಿಲ್ಲ. ಖುಷಿಯಾಗಿದ್ದರು.

“ಛಲೋ ಸೇರಿಸಿದಿ ನೋಡವಾ. ಆ ತಣ್ಣನ ತಟ್ಟಿ ಮಾತು ಭಾಳ ಛಲೋ ಐತಿ, ಮಂದಿಗೆ ಕಣ್ಣಿಗೆ ಕಟ್ಟತೈತಿ. ಮುಂದಿನ ವರ್ಷ ಅದನ್ನೂ ಹಾಕ್ತೀನಿ ನಾ. ಅಂಗಿ ಬಿಚ್ಚಿದೆ, ತಟ್ಟಿ ಮ್ಯಾಲೆ ಮಲಗಿಸಿದೆ, ಅಳಲಿಲ್ಲ, ಆವಾಗ ಗೊತ್ತಾತು ಅಂತ. ಹೆಂಗ?”

“ಹೇಳ್ರಿ ಸರ್,” ಎಂದೆ. “ಹಂಗಽ ಹೇಳ್ರಿ. ಅಂಗಿ ಬಿಚ್ಚಿದ್ದು ಮಾತ್ರ ಮರೀಬ್ಯಾಡ್ರಿ.”